ನಾಲೆ ಏರಿಯ ಮೇಲೆ ಎರಡು ವರ್ಷ ಉರಿದ ಸೈಕಲ್ ದೀಪ

ಮಂಡ್ಯದ ಔಷಧಿ ಅಂಗಡಿಯೊಂದರಲ್ಲಿ ನನ್ನ ಕೆಲಸ. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದ ಮೇಲೆ ಊರಿಗೆ ಸೈಕಲ್ಲಿನಲ್ಲಿ ಒಂಬತ್ತು ಕಿಲೋಮೀಟರ್ ಹೋಗುತ್ತೇನೆ. ಮೊದಲ ಐದು ಕಿಲೋಮೀಟರಿಗೆ ಬೀದಿದೀಪವೋ ಅಂಗಡಿಗಳ ಬೆಳಕೋ ಹೇಗೋ ಜೊತೆಗಿರುತ್ತದೆ. ಉಳಿದ ನಾಲ್ಕು ಕಿಲೋಮೀಟರ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕವಲೊಂದರ ಏರಿಯ ಮೇಲಿನ ದಾರಿ. ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ತಡೆಗೋಡೆಯೇ ಇಲ್ಲದ ನೀರು. ಆ ನಾಲ್ಕು ಕಿಲೋಮೀಟರಿಗಾಗಿಯೇ ಎರಡು ವರ್ಷಗಳ ಹಿಂದೆ 1,350 ರೂಪಾಯಿ ಕೊಟ್ಟು ಈ ದೀಪವನ್ನು ತರಿಸಿದೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇದೇ ಅಚ್ಚಿನ, ಇದೇ ಕಪ್ಪು ಅಲ್ಯೂಮಿನಿಯಂ ಮೈಯ ದೀಪ ಬೇರೆ ಬೇರೆ ಹೆಸರು ಹೊತ್ತು ಮಾರಾಟವಾಗುವುದನ್ನು ಆಮೇಲೆ ನಾನೇ ನೋಡಿದ್ದೇನೆ.

ಪೆಟ್ಟಿಗೆಯ ಮೇಲೆ ಬೆಳಕಿನ ಅಳತೆ 1000 ಲುಮೆನ್ ಎಂದೂ ನಾಲ್ಕು ಗಂಟೆ ಉರಿಯುತ್ತದೆ ಎಂದೂ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇವೆರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂಬುದು ಕೊಳ್ಳುವ ಮುಂಚೆಯೇ ಹೊಳೆಯಬೇಕಿತ್ತು. ಒಳಗಿರುವುದು 18650 ಎಂಬ ಅಳತೆಯ, ಅಂದರೆ 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದದ, ಒಂದೇ ಒಂದು ಲಿಥಿಯಂ ಸೆಲ್. ಅದರ ಮೇಲೆ ಬರೆದ 2600 ಮಿಲಿಆಂಪ್ ಅವರ್ ಅನ್ನು, ಅಂದರೆ 2.6 ಆಂಪ್ ಅವರ್ ಅನ್ನು, 3.7 ವೋಲ್ಟಿನಿಂದ ಗುಣಿಸಿದರೆ ಹತ್ತು ವ್ಯಾಟ್ ಅವರ್‌ಗಿಂತ ಕಡಿಮೆಯೇ ಬರುತ್ತದೆ, ಅಂದರೆ ಹತ್ತು ವ್ಯಾಟಿನ ದೀಪಕ್ಕೆ ಒಂದು ಗಂಟೆಗೂ ಸಾಲದಷ್ಟು ಶಕ್ತಿ. ಇಂಥ ಎಲ್‌ಇಡಿ ಒಂದು ವ್ಯಾಟಿಗೆ ನೂರು ಲುಮೆನ್ ಕೊಡುತ್ತದೆಂದು ಹಿಡಿದರೂ, ಸಾವಿರ ಲುಮೆನ್ ಬೆಳಕಿಗೆ ಆ ಸೆಲ್ ಒಂದು ಗಂಟೆಯನ್ನೂ ದಾಟುವುದಿಲ್ಲ. ಹೊಸದರಲ್ಲಿ ನನ್ನ ದೀಪ ಹೈನಲ್ಲಿ ಎರಡು ಗಂಟೆ ಹತ್ತು ನಿಮಿಷ ಉರಿಯಿತು. ಹಾಗಾದರೆ ಅದು ಕೊಡುತ್ತಿರುವುದು ಬಹಳವೆಂದರೆ ನಾನೂರೈವತ್ತು ಲುಮೆನ್. ಮೋಸವೆಂದು ಕೂಗಾಡಬಹುದಿತ್ತು, ಆದರೆ ನನ್ನ ನಿಜವಾದ ತಕರಾರು ಬೆಳಕು ಕಡಿಮೆಯಾಯಿತೆಂಬುದಲ್ಲ.

ತಕರಾರು ಬೆಳಕು ಬೀಳುವ ಜಾಗದ್ದು. ಈ ದೀಪ ಟಾರ್ಚಿನಂತೆ ದುಂಡಗೆ ಹರಡುತ್ತದೆ; ರಸ್ತೆಗೆ ಎಷ್ಟು ಬೀಳುತ್ತದೆಯೋ ಅಷ್ಟೇ ಎದುರು ಬರುವವರ ಮುಖಕ್ಕೂ ತೆಂಗಿನ ಗರಿಗಳಿಗೂ ಬೀಳುತ್ತದೆ. 35 ವ್ಯಾಟಿನ ಹಾಲೊಜೆನ್ ಬಲ್ಬಿರುವ ಬೈಕಿನ ಡಿಮ್ ಬೆಳಕು ಐನೂರು ಲುಮೆನ್ನಿನ ಆಸುಪಾಸಿನದು, ಅಂದರೆ ನನ್ನ ಸೈಕಲ್ ದೀಪಕ್ಕಿಂತ ತುಸುವೇ ಹೆಚ್ಚು. ಆದರೆ ಬೈಕಿನ ಡಿಮ್ ಮೇಲಕ್ಕೆ ಹೋಗದಂತೆ ಅದರ ಕನ್ನಡಿಯನ್ನೂ ಗಾಜನ್ನೂ ರೂಪಿಸಿರುತ್ತಾರೆ, ಆದ್ದರಿಂದ ಅದು ಕಣ್ಣಿಗೆ ಹೊಡೆಯುವುದು ಕಡಿಮೆ. ಜರ್ಮನಿಯಲ್ಲಿ ಸೈಕಲ್ ದೀಪಕ್ಕೂ ಇದೇ ಕಟ್ಟುಪಾಡು ಇದೆ: ಹತ್ತು ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಬೀಳಬೇಕು, ಮೇಲ್ಗಡೆಗೆ ಚೆಲ್ಲುವ ಬೆಳಕು ಮಿತಿಯೊಳಗಿರಬೇಕು. ಲುಮೆನ್ ಎಂದರೆ ದೀಪದಿಂದ ಹೊರಟ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಬಂದು ಬಿದ್ದ ಬೆಳಕು. ನಮ್ಮಲ್ಲಿ ಮಾರುವ ಅಗ್ಗದ ದೀಪಗಳ ಪೆಟ್ಟಿಗೆಯ ಮೇಲೆ ಮೊದಲನೆಯದು ಮಾತ್ರ ಇರುತ್ತದೆ.

ಇದರ ಜೊತೆಗೆ ಗುಂಡಿಯ ಕಾಟ. ಇರುವುದು ಒಂದೇ ಗುಂಡಿ, ಒತ್ತಿದಂತೆ ಲೋ, ಹೈ, ಮಿಣುಕು ಎಂಬ ಸರದಿ. ಹೈನಿಂದ ಲೋಗೆ ಇಳಿಯಬೇಕಾದರೆ ಮಿಣುಕನ್ನು ದಾಟಿಯೇ ಹೋಗಬೇಕು. ಅಂಗಡಿಯಲ್ಲಿ ಕೂತು ಒತ್ತಿ ನೋಡಿದಾಗ ಇದೊಂದು ದೋಷವೆಂದೇ ನನಗೆ ಅನ್ನಿಸಿರಲಿಲ್ಲ.

ಮೊದಲ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಅನ್ನಿಸಿತು. ಹೈನಲ್ಲಿ ಹೋಗುತ್ತಿದ್ದಾಗ ಏರಿಯ ತಿರುವಿನಲ್ಲಿ ನಾಲ್ಕು ಕಣ್ಣುಗಳು ನೀಲಿ ಹಸಿರಾಗಿ ಹೊಳೆದವು. ಕಬ್ಬು ಹೇರಿದ ಎತ್ತಿನ ಗಾಡಿ. ಎದುರಿನವರಿಗೆ ತೊಂದರೆಯಾಗದಿರಲೆಂದು ಲೋ ಮಾಡಲು ಗುಂಡಿ ಒತ್ತಿದೆ. ಒಳ್ಳೆಯ ಬುದ್ಧಿಗೆ ಸಿಕ್ಕ ಫಲವೆಂದರೆ, ದೀಪ ಪಟಪಟನೆ ಮಿಣುಕತೊಡಗಿತು. ಗಾಬರಿಯಲ್ಲಿ ಮತ್ತೆ ಎರಡು ಸಲ ಒತ್ತಿದ್ದರಿಂದ ಲೋ ದಾಟಿ ಮತ್ತೆ ಹೈಗೆ ಬಂತು. ನಾಲೆಯ ಕಡೆಗಿದ್ದ ಎತ್ತು ಬೆದರಿ ನೊಗವನ್ನು ಅಡ್ಡಕ್ಕೆ ಎಳೆಯಿತು. ಗಾಡಿಯ ಚಕ್ರದಿಂದ ನೀರಿಗೆ ಎರಡು ಮಾರೂ ಇರಲಿಲ್ಲ. ನಾನು ಕೆಳಗಿಳಿದು ದೀಪವನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

"ಯಾವನಯ್ಯಾ ಅದು, ಕಣ್ಗೆ ಲೈಟ್ ಬುಟ್ಕಂಡು ಬತ್ತಾ ಇರೋದು? ಎತ್ತ ನಾಲೆಗೆ ಇಳುಸ್ಬುಡ್ತಿದ್ದಲ್ಲೋ!" ಎಂದು ಗಾಡಿಯ ಮೇಲಿನ ಹಿರಿಯರು ಗದರಿದರು. ಹತ್ತಿರ ಬಂದು ಗುರುತು ಸಿಕ್ಕಿದ ಮೇಲೆ, "ಓ, ಮೆಡಿಕಲ್ ಸ್ಟೋರ್ನೋರಾ? ನಿಮ್ಗೆ ದಾರಿ ಕಾಣ್ಬೇಕು ಸ್ವಾಮಿ, ದಿಟ. ನಮ್ಗೂ ಕಾಣ್ಬೇಕಲ್ವಾ?" ಎಂದರು. ಬೈಗುಳಕ್ಕಿಂತ ಆ ಎರಡನೆಯ ಮಾತೇ ನನ್ನನ್ನು ಹೆಚ್ಚು ಕುಗ್ಗಿಸಿತು.

ನಮ್ಮ ತಂದೆಯ ಸೈಕಲ್ಲಿಗೆ ಡೈನಮೊ ಇತ್ತು. ಹಿಂದಿನ ಟೈರಿಗೆ ಒತ್ತಿಕೊಂಡು ಕೊರಗುಟ್ಟುವ ಆ ಬುಡ್ಡಿ ಹುಟ್ಟಿಸುತ್ತಿದ್ದುದು 6 ವೋಲ್ಟ್, 3 ವ್ಯಾಟ್ ಮಾತ್ರ. ದೀಪವಿಲ್ಲದ ಸೈಕಲ್ ಸಿಕ್ಕರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಾಲವದು. ಚಕ್ರ ನಿಂತರೆ ದೀಪವೂ ಆರುತ್ತಿತ್ತು, ಏರು ಬಂದರೆ ಮಂಕಾಗುತ್ತಿತ್ತು. ಆದರೂ ಅದರ ಬೆಳಕಿಗೆ ಯಾವ ಎತ್ತೂ ಬೆದರಿದ್ದನ್ನು ನಾನು ಕಂಡಿಲ್ಲ.

ಆ ವಾರವೇ ದೀಪವನ್ನು ಬಿಚ್ಚಿ ಬಿಸಾಡುವ ಮನಸ್ಸಾಗಿತ್ತು. ಇನ್ನೊಂದನ್ನು ಕೊಳ್ಳುವ ದುಡ್ಡು ಕೈಯಲ್ಲಿರಲಿಲ್ಲ, ಆದ್ದರಿಂದ ರಿಪೇರಿಗೆ ಇಳಿದೆ. ಅಂಗಡಿಯಲ್ಲಿ ಖಾಲಿಯಾದ ಮಾತ್ರೆ ಡಬ್ಬಿಯೊಂದನ್ನು ಅರ್ಧವೃತ್ತವಾಗಿ ಕತ್ತರಿಸಿ ದೀಪದ ಹಣೆಗೆ ಚಪ್ಪರದಂತೆ ಕಟ್ಟಿದೆ. ಡಬ್ಬಿ ಬಿಳಿಯದಾಗಿದ್ದರಿಂದ ಅದೇ ಹೊಳೆದು ನನ್ನ ಕಣ್ಣಿಗೇ ಕುಕ್ಕಿತು. ಮಾರನೆಯ ದಿನ ಒಳಗೂ ಹೊರಗೂ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ ಮೇಲೆ ಸರಿಹೋಯಿತು. ದೀಪವನ್ನು ಹಿಡಿದಿಡುವ ರಬ್ಬರ್ ಪಟ್ಟಿ ಬಿಸಿಲಿಗೆ ಸಡಿಲವಾಗಿ, ರಸ್ತೆಯ ಪ್ರತಿ ಹಳ್ಳದಲ್ಲೂ ದೀಪ ತಲೆ ತಗ್ಗಿಸುತ್ತಿತ್ತು. ಸೈಕಲ್ ಶಾಪಿನ ಯಜಮಾನರು ಹಳೆಯ ಟ್ಯೂಬಿನ ಒಂದು ತುಂಡನ್ನು ಹ್ಯಾಂಡಲ್ಲಿಗೆ ಎರಡು ಸುತ್ತು ಸುತ್ತಿ, ಅದರ ಮೇಲೆ ಪಟ್ಟಿಯನ್ನು ಬಿಗಿದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ದೀಪದ ಓರೆಯನ್ನು, ಅಂದರೆ ಅದು ಎಷ್ಟು ಕೆಳಕ್ಕೆ ಬಾಗಿರಬೇಕೆಂಬುದನ್ನು, ಮನೆಯ ಹಿತ್ತಿಲ ಗೋಡೆಯ ಮುಂದೆ ಅಳೆದೆ. ನನ್ನ ದೀಪ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ. ಬೆಳಕಿನ ನಡುಭಾಗ ಹನ್ನೆರಡು ಮೀಟರ್ ಮುಂದೆ ರಸ್ತೆಗೆ ತಾಗಬೇಕಾದರೆ, ಗೋಡೆಯಿಂದ ಮೂರು ಮೀಟರ್ ದೂರದಲ್ಲಿ ದೀಪವಿರುವಂತೆ ಸೈಕಲ್ ನಿಲ್ಲಿಸಿದಾಗ ಅದು ಗೋಡೆಯ ಮೇಲೆ ಮುಕ್ಕಾಲು ಮೀಟರ್ ಎತ್ತರದಲ್ಲಿ ಬೀಳಬೇಕು. ಸುಣ್ಣದಲ್ಲಿ ಅಲ್ಲೊಂದು ಗೆರೆ ಎಳೆದಿದ್ದೇನೆ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗಕ್ಕೆ ಆ ಹನ್ನೆರಡು ಮೀಟರ್ ಹೆಚ್ಚುಕಡಿಮೆ ಮೂರು ಸೆಕೆಂಡಿನ ದಾರಿ, ಬ್ರೇಕ್ ಹಿಡಿಯಲು ಸಾಕು.

ಇಷ್ಟಾದ ಮೇಲೆ ದೀಪದ ಬಗ್ಗೆ ನನ್ನ ಅಭಿಪ್ರಾಯ ಬದಲಾಗತೊಡಗಿತೆಂದು ಒಪ್ಪಿಕೊಳ್ಳಬೇಕು. ಓರೆಯಾಗಿ ಬಿದ್ದ ಬೆಳಕಿನಲ್ಲಿ ರಸ್ತೆಯ ಪ್ರತಿಯೊಂದು ಕಲ್ಲೂ ಹಿಂದೆ ಉದ್ದನೆಯ ನೆರಳು ಬಿಡುತ್ತದೆ; ಟಾರು ಮುಗಿದು ಹುಲ್ಲು ಶುರುವಾಗುವ ಗೆರೆ, ಅಂದರೆ ನಾಲೆಯ ಅಂಚು, ನೂಲು ಹಿಡಿದಂತೆ ಕಾಣುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಪಂಕ್ಚರಾಗಿ ನಿಂತಾಗ ಅದರ ಹಿಂದೆ ದಪ್ಪ ಕಲ್ಲುಗಳನ್ನೂ ಸೊಪ್ಪನ್ನೂ ಇಡುವುದು ನಮ್ಮ ಕಡೆಯ ವಾಡಿಕೆ. ಟ್ರೇಲರ್ ಹೊರಟುಹೋಗುತ್ತದೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ. ಬೆಳಕನ್ನು ನೇರಕ್ಕೆ ಬಿಟ್ಟುಕೊಂಡು ಹೋಗುತ್ತಿದ್ದಾಗ ಇಂಥ ಒಂದು ಕಲ್ಲಿಗೆ ಹೊಡೆದು ರಿಮ್ಮು ಸೊಟ್ಟಗಾಗಿತ್ತು. ಈಗ ಲೋನಲ್ಲಿಯೇ ಅವು ದೂರದಿಂದ ಕಾಣುತ್ತವೆ. ಹೈ ಮಾಡುವುದು ಮಳೆಗಾಲದಲ್ಲಿ ಮಾತ್ರ, ಏಕೆಂದರೆ ಒದ್ದೆ ಟಾರು ಬೆಳಕನ್ನು ನುಂಗಿಬಿಡುತ್ತದೆ.

ತಲೆಗೆ ಕಟ್ಟುವ ಟಾರ್ಚನ್ನೇ ಏಕೆ ಕೊಳ್ಳಬಾರದೆಂದು ಕೇಳುವವರಿದ್ದಾರೆ. ನಾಟಿಯ ಕಾಲದಲ್ಲಿ ಗದ್ದೆ ಬದಿಯಲ್ಲಿ ಒಂದು ರಾತ್ರಿ ಅದನ್ನು ಕಟ್ಟಿಕೊಂಡು ಹೋಗಿ ನೋಡಲಿ. ದೀಪಕ್ಕೆ ಬರುವ ಹುಳುಗಳೆಲ್ಲ ಕಣ್ಣಿಗೂ ಬಾಯಿಗೂ ಬರುತ್ತವೆ.

ದಿನದ ಕೊನೆಯ ಕೆಲಸವೆಂದರೆ ದೀಪವನ್ನು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಗಾಜಿನ ಮೇಲಿನ ಹುಳುವಿನ ಕಲೆ ಒರೆಸಿ, ಅಡುಗೆಮನೆಯಲ್ಲಿ ಮಿಕ್ಸಿ ಹಾಕುವ ಪ್ಲಗ್ಗಿನ ಬಳಿ ಚಾರ್ಜಿಗೆ ಇಡುವುದು. ಕೆಂಪು ಚುಕ್ಕೆ ಹಸಿರಾಗುವುದನ್ನು ನೋಡಲು ನಾನು ಎದ್ದಿರುವುದಿಲ್ಲ. ಬೆಳಿಗ್ಗೆ ಐದಕ್ಕೆ ಹಿಟ್ಟು ಹುದುಗಿದೆಯೇ ಎಂದು ನೋಡಲು ಬರುವ ನನ್ನ ಹೆಂಡತಿಯೇ ವೈರು ಕೀಳುತ್ತಾಳೆ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಎಂಟನೆಯ ತಿಂಗಳಿಗೇ ಕಿತ್ತುಬಂದಿದ್ದರಿಂದ ಮಳೆಯಲ್ಲಿ ದೀಪಕ್ಕೆ ಔಷಧಿಯ ಪ್ಲಾಸ್ಟಿಕ್ ಕವರ್ ತೊಡಿಸುತ್ತೇನೆ. ಎರಡು ವರ್ಷದ ದಿನನಿತ್ಯದ ಚಾರ್ಜಿನಿಂದ ಸೆಲ್ ಸೊರಗಿದೆ, ಹೈನಲ್ಲಿ ಈಗ ಒಂದು ಗಂಟೆ ಇಪ್ಪತ್ತು ನಿಮಿಷ. ಮೈಯ ತಿರುಪು ಬಿಚ್ಚಿದರೆ ಸೆಲ್ ಕೈಗೆ ಬರುತ್ತದೆ, ಬೇರೆ ಹಾಕಬಹುದು. ಸೆಲ್ ತೆಗೆಯಲಾಗದಂತೆ ಮುಚ್ಚಿದ ದೀಪವಾಗಿದ್ದರೆ ಅದನ್ನು ಈ ವರ್ಷ ಗುಜರಿಗೆ ಹಾಕಬೇಕಿತ್ತು.

ಹಿಂದಿನ ಕೆಂಪು ದೀಪದ ಬಗ್ಗೆ ಹೇಳಲು ಹೆಚ್ಚಿಲ್ಲ. ಸಣ್ಣ ಸೆಲ್ಲುಗಳದ್ದು, ಪ್ರತ್ಯೇಕವಾಗಿ ಕೊಂಡದ್ದು, ಮಿಣುಕಿಸದೆ ಒಂದೇ ಸಮ ಉರಿಸುತ್ತೇನೆ. ಅದರ ಸೆಲ್ ಯಾವಾಗ ಸತ್ತಿತೆಂದು ಸವಾರನಿಗೆ ತಿಳಿಯುವುದಿಲ್ಲವಾದ್ದರಿಂದ, ಅದರ ಕೆಳಗೆ ಬೆಳಕು ಬಿದ್ದಾಗ ಹೊಳೆಯುವ ಕೆಂಪು ಬಿಲ್ಲೆಯೊಂದನ್ನೂ ಹಾಕಿಸಿದ್ದೇನೆ.

ಗುಂಡಿಗೆ ಮಾತ್ರ ಮದ್ದು ಸಿಕ್ಕಿಲ್ಲ. ಹೈನಲ್ಲಿರುವಾಗ ಎದುರಿಗೆ ಗಾಡಿಯೋ ನಡೆದು ಬರುವವರೋ ಕಂಡರೆ ಇವತ್ತಿಗೂ ಎಡಗೈಯನ್ನು ದೀಪಕ್ಕೆ ಅಡ್ಡ ಹಿಡಿದೇ ಒತ್ತುತ್ತೇನೆ. ಬೆರಳುಗಳ ಸಂದಿ ಕೆಂಪಗೆ ಮಿಣುಕಿ ಮುಗಿದ ಮೇಲೆ ಕೈ ತೆಗೆಯುತ್ತೇನೆ. ಮುಂದಿನ ದೀಪಕ್ಕೆ ಮೂರು ಸಾವಿರದವರೆಗೆ ಎತ್ತಿಡುವ ಯೋಚನೆಯಿದೆ. ಅಂಗಡಿಯವರನ್ನು ಲುಮೆನ್ ಎಷ್ಟೆಂದು ಕೇಳುವುದಿಲ್ಲ. ಗೋಡೆಗೆ ಹಿಡಿಸಿ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿದೆಯೇ ಎಂದು ನೋಡುತ್ತೇನೆ, ಆಮೇಲೆ ಗುಂಡಿಯನ್ನು ನಾಲ್ಕು ಸಲ ಒತ್ತುತ್ತೇನೆ.