ಸಾನಿಕ್ಸ್ ಬ್ಯಾಂಡಿನ ಮೊದಲ ಎಲ್‌ಪಿ: ಒಂದೇ ಮೈಕಿನ ಡ್ರಮ್ಸ್

ಗರಾಜ್ ರಾಕ್ (ಅರವತ್ತರ ದಶಕದ ಹುಡುಗರ ಬ್ಯಾಂಡ್‌ಗಳ ಒರಟು, ನಯವಿಲ್ಲದ ರಾಕ್) ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಇದೇ ರೆಕಾರ್ಡ್: ‘ಹಿಯರ್ ಆರ್ ದಿ ಸಾನಿಕ್ಸ್’, 1965. ಇದರ ಮರುಮುದ್ರಣ ಹುಡುಕಿದರೆ ಸಿಗುತ್ತದೆ. ಕೊಳ್ಳುವಾಗ ಮೋನೋ ಪ್ರತಿಯನ್ನೇ ತಗೊಳ್ಳಿ, ಅಂದರೆ ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಬರುವಂಥದ್ದು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಐದು ಹುಡುಗರ ಬ್ಯಾಂಡ್ ಇದು. ಹತ್ತಿರದ ವಾಯುನೆಲೆಯ ಜೆಟ್‌ಗಳು ಶಬ್ದದ ವೇಗ ದಾಟುವಾಗ ಊರಿಗೆಲ್ಲ ಕೇಳಿಸುತ್ತಿದ್ದ ಸಿಡಿತದಿಂದ ಹೆಸರು ಬಂತು. ಗಿಟಾರ್ ಮತ್ತು ಬೇಸ್‌ಗೆ ಪರಿಪಾ ಸಹೋದರರು, ಲ್ಯಾರಿ ಮತ್ತು ಆ್ಯಂಡಿ. ಸ್ಯಾಕ್ಸಫೋನ್‌ಗೆ ರಾಬ್ ಲಿಂಡ್. ಕೀಬೋರ್ಡ್ ನುಡಿಸುತ್ತಾ ಹಾಡುವವನು ಜೆರ್ರಿ ರೋಸ್ಲಿ. ಡ್ರಮ್ಸ್ ಬಾಬ್ ಬೆನೆಟ್.

ನಾನೂ ಡ್ರಮ್ಸ್ ನುಡಿಸುವವನು, ಹಾಗಾಗಿ ಬೆನೆಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸಿಯಾಟಲ್‌ನಲ್ಲಿ ಕೆರ್ನಿ ಬಾರ್ಟನ್ ಅವರ ಸ್ಟುಡಿಯೋ. ಎರಡು ಟ್ರ್ಯಾಕಿನ ಟೇಪ್ ಮೆಷಿನ್, ಅಂದರೆ ಇಡೀ ಬ್ಯಾಂಡಿನ ಸದ್ದನ್ನು ಟೇಪಿನ ಎರಡೇ ಪಟ್ಟಿಯಲ್ಲಿ ಹಿಡಿಯಬೇಕು. ಇಡೀ ಡ್ರಮ್ ಸೆಟ್‌ಗೆ ಒಂದೇ ಮೈಕ್! ಈಗಿನ ಸ್ಟುಡಿಯೋಗಳಲ್ಲಿ ಸ್ನೇರ್ (ಸೆಟ್‌ನಲ್ಲಿ ಚಟೀರ್ ಅಂತ ಸಿಡಿಯುವ ಡ್ರಮ್) ಒಂದಕ್ಕೇ ಎರಡು ಮೈಕ್ ಇಡುತ್ತಾರೆ. ‘ದಿ ವಿಚ್’ ಹಾಕಿ ಕೇಳಿ. ಗಿಟಾರ್, ಬೇಸ್, ಸ್ಯಾಕ್ಸ್ ಎಲ್ಲ ಸೇರಿ ಒಂದೇ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಎಳೆದುಕೊಂಡು ಹೋಗುತ್ತವೆ. ಸಾಲು ಮುಗಿದ ಕೂಡಲೇ ಬೆನೆಟ್ ಸ್ನೇರ್ ಮೇಲೆ ಬೀಳುತ್ತಾನೆ. ಕೋಲು ಚರ್ಮಕ್ಕೆ ತಾಗಿದ್ದು, ಆ ಸದ್ದು ಗೋಡೆಗೆ ಬಡಿದು ವಾಪಸ್ ಬಂದದ್ದು, ಎರಡೂ ಕೇಳುತ್ತವೆ. ಸದ್ದು ಒಡೆದಿದೆ, ನಿಜ. ಆದರೆ ಅದನ್ನು ಸರಿ ಮಾಡಿದ್ದರೆ ಈ ರೆಕಾರ್ಡಿನ ಜೀವವೇ ಹೋಗುತ್ತಿತ್ತು. ಅದೇ ರಾಜ್ಯದ ಅಬರ್ಡೀನ್‌ನಲ್ಲಿ ಹುಟ್ಟಿದ, ನಿರ್ವಾಣ ಬ್ಯಾಂಡಿನ ಗಾಯಕ ಕರ್ಟ್ ಕೊಬೇನ್ ಈ ಡ್ರಮ್ಸ್ ಸದ್ದನ್ನು ಮನಸಾರೆ ಹೊಗಳಿದ್ದ.

ಇನ್ನು ರೋಸ್ಲಿಯ ಗಂಟಲು. ‘ಸೈಕೋ’ದಲ್ಲಿ ಅವನ ಕಿರುಚಾಟ ಕೇಳಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ‘ಸ್ಟ್ರಿಕ್ನೈನ್’ ಹಾಡಿನಲ್ಲಿ ನೀರೂ ಬೇಡ, ವೈನೂ ಬೇಡ, ವಿಷವೇ ಬೇಕು ಅನ್ನುತ್ತಾನೆ. ನಮ್ಮ ಕಡೆ ಕಾಡಿನಲ್ಲಿ ಬೆಳೆಯುತ್ತದಲ್ಲ ಕಾಸರಕ, ಅದರ ಬೀಜದಲ್ಲಿರುವ ವಿಷ ಅದು. 1965ರಲ್ಲಿ ಹುಡುಗರು ಇಂಥ ಹಾಡು ಬರೆದಿದ್ದಾರೆ ಅಂದರೆ ಆಶ್ಚರ್ಯ ಅಲ್ವಾ?

ರೆಕಾರ್ಡಿನ ಹನ್ನೆರಡು ಹಾಡಿನಲ್ಲಿ ಇವರ ಸ್ವಂತದ್ದು ನಾಲ್ಕೇ. ಉಳಿದವು ಬೇರೆಯವರವು. ಅದರಲ್ಲಿ ‘ಹ್ಯಾವ್ ಲವ್ ವಿಲ್ ಟ್ರಾವೆಲ್’ ಮೂಲದಲ್ಲಿ ರಿಚರ್ಡ್ ಬೆರಿಯದು. ಅದನ್ನು ಇವರು ಪೂರ್ತಿ ತಮ್ಮದೇ ಮಾಡಿಕೊಂಡಿದ್ದಾರೆ, ಲಿಂಡ್‌ನ ಸ್ಯಾಕ್ಸ್ ಅಂತೂ ಗಿಟಾರಿಗಿಂತ ಒರಟು. ‘ರೋಲ್ ಓವರ್ ಬೀಥೋವನ್’ ಮಾತ್ರ ಸಾಧಾರಣ. ಅದನ್ನು ಎಷ್ಟೋ ಬ್ಯಾಂಡ್‌ಗಳು ನುಡಿಸಿವೆ, ಇವರದು ಬೇರೆ ಅನಿಸುವುದಿಲ್ಲ.

ಈ ರೆಕಾರ್ಡ್ ಹಿಡಿಸಿದರೆ 1966ರ ‘ಬೂಮ್’ ಕೂಡ ತಗೊಳ್ಳಿ. ಟಕೋಮಾದ ಸ್ಟುಡಿಯೋದಲ್ಲಿ ಸದ್ದು ಹೀರಲಿ ಅಂತ ಗೋಡೆಗೆ ಹೊಡೆದಿದ್ದನ್ನೆಲ್ಲ ಕಿತ್ತುಹಾಕಿ ನುಡಿಸಿದ ರೆಕಾರ್ಡ್ ಅದು. ಮೂರನೆಯದಕ್ಕೆ ದುಡ್ಡು ಹಾಕಬೇಡಿ. ಹಾಲಿವುಡ್‌ಗೆ ಕರೆದುಕೊಂಡು ಹೋಗಿ ಇವರ ಸದ್ದನ್ನು ನುಣ್ಣಗೆ ಮಾಡಿಬಿಟ್ಟರು, ಕೇಳಿದರೆ ಹೊಟ್ಟೆ ಉರಿಯುತ್ತದೆ.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಆ ಐವರೂ ಚದುರಿಹೋದರು. ಲಿಂಡ್ ನೌಕಾಪಡೆಯ ಪೈಲಟ್ ಆಗಿ ವಿಯೆಟ್ನಾಂ ಯುದ್ಧಕ್ಕೆ ಹೋದ. ದೊಡ್ಡ ದುಡ್ಡು, ದೊಡ್ಡ ಹೆಸರು ಆಗ ಯಾರಿಗೂ ಸಿಗಲಿಲ್ಲ. ಎಪ್ಪತ್ತರ ದಶಕದ ಒರಟು ರಾಕ್ ಆದ ಪಂಕ್‌ನವರು, ಆಮೇಲೆ ಕೊಬೇನ್‌ನಂಥ ಗ್ರಂಜ್‌ ರಾಕ್‌ನವರು ಇವರ ಹಳೇ ರೆಕಾರ್ಡ್ ಹುಡುಕಿ ಹುಡುಕಿ ಕೇಳಿದರು. 2007ರಲ್ಲಿ ರೋಸ್ಲಿ, ಲ್ಯಾರಿ, ಲಿಂಡ್ ಮತ್ತೆ ಸೇರಿ ನ್ಯೂಯಾರ್ಕಿನಲ್ಲಿ ವೇದಿಕೆ ಹತ್ತಿದರು. 2015ರಲ್ಲಿ ಹೊಸ ಆಲ್ಬಂ ತಂದರು, ಅದೂ ಮೋನೋದಲ್ಲೇ. ಮೊದಲನೆಯದರ ಜೊತೆ ಅದನ್ನೂ ಕೇಳಿ ನೋಡಿ. ಎಪ್ಪತ್ತು ಮುಟ್ಟಿದ ರೋಸ್ಲಿ ಅದರಲ್ಲೂ ಹಾಗೇ ಕಿರುಚುತ್ತಾನೆ.