ಹಳೆಯ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ: ಕೆಲವು ವರ್ಷ ಬಳಸಿದ ಮೇಲೆ

ರೌಟರ್ ತೀರಾ ಸಾಧಾರಣದ್ದು. ವೈಫೈ 5, ಎರಡು ಬ್ಯಾಂಡ್, ಹಿಂಬದಿಯಲ್ಲಿ ನಾಲ್ಕು ಗಿಗಾಬಿಟ್ ಪೋರ್ಟ್. ತಯಾರಕರು ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿದ್ದಾರೆ. ಎಸೆಯಲು ಮನಸ್ಸಾಗದೆ, ಅದರೊಳಗಿದ್ದ ಮೂಲ ತಂತ್ರಾಂಶವನ್ನು ತೆಗೆದು ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಂಡು ಕೆಲವು ವರ್ಷಗಳಾದವು. ಈ ವಿಮರ್ಶೆ ಆ ತಂತ್ರಾಂಶದ್ದು. ಪೆಟ್ಟಿಗೆ ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೌಟರ್‌ನೊಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಇತ್ತು. ಲಿನಕ್ಸ್‌ನ ಪರವಾನಗಿಯ ಪ್ರಕಾರ ಮೂಲ ಸಂಕೇತವನ್ನು ಬಳಕೆದಾರರಿಗೆ ಕೊಡಲೇಬೇಕು. 2003ರಲ್ಲಿ ಆ ಸಂಕೇತ ಹೊರಬಂತು, 2004ರಲ್ಲಿ ಅದರ ಬೆನ್ನಿಗೆ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿಕೊಂಡಿತು. ಇವತ್ತು ಅದು ನಾನಾ ಕಂಪನಿಗಳ ರೌಟರ್‌ಗಳ ಮೇಲೆ ಓಡುತ್ತದೆ, ಕಾಸು ಕೊಡಬೇಕಾಗಿಲ್ಲ. ಸೆಟ್ಟಿಂಗ್‌ಗಳನ್ನು ಬ್ರೌಸರ್‌ನಲ್ಲೇ ಬದಲಾಯಿಸಬಹುದು. ಆ ಪುಟಗಳಿಗೆ ಲೂಸಿ ಎಂದು ಹೆಸರು. ನೋಡಲು ಚೆಂದವೇನಲ್ಲ, ಆದರೆ ಕೇಳಿದ್ದನ್ನು ಮುಚ್ಚಿಡುವುದಿಲ್ಲ.

ನಾನು ಇದಕ್ಕೆ ಅಂಟಿಕೊಂಡಿರುವುದು ಒಂದೇ ಒಂದು ಸೌಲಭ್ಯಕ್ಕಾಗಿ: ಇರುವ ಸಂಪರ್ಕವನ್ನು ಮನೆಯ ಸಾಧನಗಳ ನಡುವೆ ಸರಿಯಾಗಿ ಹಂಚುವುದು. ಮನೆಯಲ್ಲಿ ಹತ್ತಾರು ಸಾಧನಗಳಿವೆ. ಸಂಪರ್ಕದ ಡೌನ್‌ಲೋಡ್ ವೇಗ 100 ಎಂಬಿಪಿಎಸ್, ಅಪ್‌ಲೋಡ್ 20. ಲೆಕ್ಕ ಹಾಕಿದರೆ ಎಲ್ಲರಿಗೂ ಸಾಕಾಗಿ ಮಿಗಬೇಕು. ಆದರೂ ಮಗಳ ಮೊಬೈಲ್ ಫೋಟೊಗಳನ್ನು ಕ್ಲೌಡ್‌ಗೆ ಏರಿಸಲು ತೊಡಗಿದರೆ ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ವಿಡಿಯೊ ಸಭೆ ತೊದಲುತ್ತಿತ್ತು. ವೇಗ ಪರೀಕ್ಷೆ ಮಾಡಿದರೆ ಸಂಖ್ಯೆಗಳು ಕಣ್ಣಿಗೆ ಹಬ್ಬ. ಸೇವಾದಾರರ ಸಹಾಯವಾಣಿಯವರು ಅದೇ ಸಂಖ್ಯೆಯನ್ನು ಹಿಡಿದುಕೊಂಡು, ಇನ್ನೂ ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಿ ಎಂದರು.

ರೋಗ ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರ್‌ನಲ್ಲಿ ಪಿಂಗ್ ಆದೇಶ ಓಡಿಸಿ ಬಿಟ್ಟರೆ ಸಾಕು. ಪುಟ್ಟ ಸಂದೇಶವೊಂದು ಹೊರಗೆ ಹೋಗಿ ಮರಳಲು ಎಷ್ಟು ಹೊತ್ತಾಯಿತು ಎಂದು ಅದು ತೋರಿಸುತ್ತದೆ. ಮನೆ ಸುಮ್ಮನಿದ್ದಾಗ ಸಾಲುಸಾಲಾಗಿ 14, 15, 14 ಮಿಲಿಸೆಕೆಂಡ್ ಎಂದು ಇಳಿಯುತ್ತಿತ್ತು. ಫೋಟೊ ಏರಿಕೆ ಶುರುವಾದ ಕೂಡಲೇ 90, 240, 510, ಆಮೇಲೆ 600ರ ಮೇಲೆ ಹೋಗಿ ಅಲ್ಲೇ ನಿಂತಿತು. ಮಾತುಕತೆ ಸಹಜವಾಗಿ ಸಾಗಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ನಮ್ಮ ಸಭೆ ಏಕೆ ಕೆಡುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಕಿರಿದಾದ ಅಪ್‌ಲೋಡ್ ದಾರಿಯ ಮುಂದೆ ಮೋಡೆಮ್ ಅಥವಾ ರೌಟರ್ ಸಿಕ್ಕಿದ ದತ್ತಾಂಶದ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನೆಲ್ಲ ತನ್ನ ಸ್ಮೃತಿಯಲ್ಲಿ ತುಂಬಿಕೊಳ್ಳುತ್ತ ಹೋಗುತ್ತದೆ. ಒಂದೇ ಕಾಗದಕ್ಕೆ ಮುದ್ರೆ ಹಾಕಿಸಿಕೊಳ್ಳಲು ಬಂದವರು ಮೂಟೆ ಕಾಗದ ತಂದವರ ಹಿಂದೆ ನಿಂತ ಹಾಗೆ, ಮಾತಿನ ಪುಟ್ಟ ಪ್ಯಾಕೆಟ್ ಫೋಟೊಗಳ ರಾಶಿಯ ಹಿಂದೆ ಕಾಯಬೇಕಾಗುತ್ತದೆ. ದೊಡ್ಡ ಪ್ಲ್ಯಾನ್ ತೆಗೆದುಕೊಂಡರೆ ರಾಶಿ ಬೇಗ ಕರಗೀತು, ಸರದಿಯ ನಿಯಮ ಮಾತ್ರ ಬದಲಾಗುವುದಿಲ್ಲ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಇದಕ್ಕೆ, ಸರದಿ ಉದ್ದವಾಗದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ಉಪಾಯ ಕೊಟ್ಟರು. ಅದನ್ನು ಬೆಳೆಸಿ ಮಾಡಿದ ಕೇಕ್ ಎಂಬ ವಿಧಾನ 2018ರಲ್ಲಿ ಲಿನಕ್ಸ್ 4.19ರೊಳಗೆ ಸೇರಿತು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ (ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡರೆ ಅದು ಕೈಗೆ ಸಿಗುತ್ತದೆ.

ಹೊಂದಿಸುವುದು ಸುಲಭ, ಆದರೆ ಮನಸ್ಸು ಒಪ್ಪುವುದು ಕಷ್ಟ. ಏಕೆಂದರೆ ನಮ್ಮ ವೇಗವನ್ನು ನಾವೇ ಸ್ವಲ್ಪ ತಗ್ಗಿಸಬೇಕು. ಡೌನ್‌ಲೋಡ್‌ಗೆ 90,000, ಅಪ್‌ಲೋಡ್‌ಗೆ 18,000 ಕಿಲೋಬಿಟ್ ಎಂದು ಬರೆದಿದ್ದೇನೆ. ಸರದಿ ಮೋಡೆಮ್‌ನಲ್ಲಿ ಬೆಳೆಯದೆ ರೌಟರ್‌ನಲ್ಲೇ ನಿಲ್ಲಬೇಕಾದರೆ ಇಷ್ಟು ಬಿಟ್ಟುಕೊಡಬೇಕು. ಇನ್ನೊಂದು ವಿಷಯವನ್ನು ಎಷ್ಟೋ ಮಾರ್ಗದರ್ಶಿಗಳು ಹೇಳುವುದೇ ಇಲ್ಲ. ಹೊರಗೆ ಹೋಗುವ ಹೊತ್ತಿಗೆ ಮನೆಯ ಎಲ್ಲ ಸಾಧನಗಳ ವಿಳಾಸವೂ ರೌಟರ್‌ನ ಒಂದೇ ವಿಳಾಸವಾಗಿ ಬದಲಾಗಿರುತ್ತದೆ. ಆಗ ಕೇಕ್‌ಗೆ ಯಾರು ಯಾರೆಂದು ಗೊತ್ತಾಗದೆ, ಅದು ಸಂಪರ್ಕಗಳನ್ನು ಎಣಿಸಿ ಪಾಲು ಹಾಕುತ್ತದೆ. ನಲವತ್ತು ಸಂಪರ್ಕ ತೆರೆದ ಕಂಪ್ಯೂಟರ್‌ಗೆ ನಲವತ್ತು ಪಾಲು, ಒಂದು ತೆರೆದ ಮೊಬೈಲ್‌ಗೆ ಒಂದು. ಸುಧಾರಿತ ಆಯ್ಕೆಗಳ ಖಾನೆಯಲ್ಲಿ ‘nat’ (ನ್ಯಾಟ್) ಎಂಬ ಪದ ಸೇರಿಸಿದರೆ ಅದು ಒಳಗಿನ ವಿಳಾಸವನ್ನು ನೋಡಿ ಸಾಧನಕ್ಕೊಂದು ಪಾಲು ಹಾಕುತ್ತದೆ. ನಿಜವಾದ ಹಂಚಿಕೆ ಎಂದರೆ ಇದು. ಈಗ ಅದೇ ಫೋಟೊ ಏರಿಕೆಯ ನಡುವೆ ಪಿಂಗ್ 20ರ ಆಸುಪಾಸಿನಲ್ಲಿ ಇರುತ್ತದೆ, ಅಪ್ಪಿತಪ್ಪಿ 30 ದಾಟಿದರೆ ಹೆಚ್ಚು.

ವೈಫೈ ವಿಷಯದಲ್ಲಿ ಈ ತಂತ್ರಾಂಶ ಪವಾಡ ಮಾಡಲಿಲ್ಲ, ಮಾಡುವುದೂ ಇಲ್ಲ. ಗೋಡೆ ಗೋಡೆಯೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11 ಮಾತ್ರ, ಅಕ್ಕಪಕ್ಕದವರೂ ಅಲ್ಲೇ ಇರುತ್ತಾರೆ. ನಿಧಾನದ ಹಳೆಯ ಸಾಧನ ಒಂದೇ ಫೈಲ್‌ಗೆ ಹೆಚ್ಚು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದವರು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ಹಾಗಾಗಿ ಟಿವಿಗೆ ಕೇಬಲ್ ಎಳೆದೆ. ಅಲುಗಾಡದೆ ಒಂದೇ ಕಡೆ ಕೂರುವ ವಸ್ತುವಿಗೆ ವೈಫೈ ಏಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಸಾಧಾರಣ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ.

ಇನ್ನು ತಕರಾರುಗಳು. ಎಲ್ಲ ರೌಟರ್‌ಗೂ ಇದು ಹೊಂದುವುದಿಲ್ಲ. ಬ್ರಾಡ್‌ಕಾಮ್ ಚಿಪ್ ಇರುವ ಹಲವು ಮಾದರಿಗಳಲ್ಲಿ ವೈಫೈ ಸರಿಯಾಗಿ ನಡೆಯುವುದಿಲ್ಲ. ಯೋಜನೆಯ ಜಾಲತಾಣದ ಹಾರ್ಡ್‌ವೇರ್ ಪಟ್ಟಿಯಲ್ಲಿ ಮಾದರಿ ಸಂಖ್ಯೆಯ ಜೊತೆಗೆ ಆವೃತ್ತಿಯನ್ನೂ ನೋಡಬೇಕು, ಏಕೆಂದರೆ ಒಂದೇ ಹೆಸರಿನಡಿ ಒಳಗಿನ ಚಿಪ್ ಬದಲಾಗಿರುತ್ತದೆ. ಬಹುತೇಕ ಮಾದರಿಗಳಲ್ಲಿ ಹಾಕಿದ ಕೂಡಲೇ ವೈಫೈ ಆಫ್ ಆಗಿರುತ್ತದೆ, ಕೇಬಲ್ ಜೋಡಿಸಿಯೇ ಒಳಹೊಕ್ಕು ಆನ್ ಮಾಡಬೇಕು. ಮಾಮೂಲಿ ವಿಧಾನದಲ್ಲಿ ಹೊಸ ಆವೃತ್ತಿಗೆ ಏರಿಸಿದಾಗ ಸೆಟ್ಟಿಂಗ್‌ಗಳು ಉಳಿದರೂ ನಾವು ಸೇರಿಸಿದ ಪ್ಯಾಕೇಜ್‌ಗಳು ಹೋಗಿಬಿಡುತ್ತವೆ. ಎಸ್‌ಕ್ಯೂಎಂ ಮತ್ತೆ ಹಾಕುವವರೆಗೆ ಮನೆಯಲ್ಲಿ ಗೊಣಗಾಟ. ಅತಿಥಿಗಳ ನೆಟ್‌ವರ್ಕ್ ಬೇರೆ ರೌಟರ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ಸಿದ್ಧ. ಇಲ್ಲಿ ಹೊಸ ಇಂಟರ್‌ಫೇಸ್, ಅದಕ್ಕೆ ಬೇರೆ ವಿಳಾಸ ಶ್ರೇಣಿ, ಫೈರ್‌ವಾಲ್‌ನಲ್ಲಿ ಬೇರೆ ವಲಯ ಎಂದು ಒಂದು ಸಂಜೆಯೇ ಹಿಡಿಯುತ್ತದೆ. ಅಗ್ಗದ ಕ್ಯಾಮೆರಾ, ಬಲ್ಬ್‌ಗಳನ್ನು ಅಲ್ಲಿಗೆ ದೂಡಿ ಲ್ಯಾಪ್‌ಟಾಪ್‌ಗಳಿಂದ ದೂರ ಇಟ್ಟಿರುವುದರಿಂದ ಆ ಸಂಜೆಗೆ ನನಗೆ ಬೇಸರವಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಪ್ರೊಸೆಸರ್‌ನದು. ಸರದಿ ನೋಡಿಕೊಳ್ಳುವ ಕೆಲಸ ಪೂರ್ತಿ ಸಿಪಿಯು ಮೇಲೆ ಬೀಳುತ್ತದೆ, ಹಾರ್ಡ್‌ವೇರ್ ವೇಗವರ್ಧನೆ (ಸಿಪಿಯು ಮುಟ್ಟದೆ ಪ್ಯಾಕೆಟ್ ದಾಟಿಸುವ ಚಿಪ್ ಸೌಲಭ್ಯ) ಅದರ ಜೊತೆ ಕೆಲಸ ಮಾಡುವುದಿಲ್ಲ. ನನ್ನ 100 ಎಂಬಿಪಿಎಸ್‌ಗೆ ಈ ಹಳೆಯ ಪೆಟ್ಟಿಗೆ ಸಾಕು. ಗಿಗಾಬಿಟ್ ಸಂಪರ್ಕ ಇರುವವರು ಇದೇ ದರ್ಜೆಯ ರೌಟರ್‌ನಲ್ಲಿ ಎಸ್‌ಕ್ಯೂಎಂ ಹಾಕಿದರೆ ವೇಗ ಅರ್ಧಕ್ಕೂ ಕೆಳಗೆ ಬಿದ್ದೀತು. ಅಂಥವರಿಗೆ ಗಟ್ಟಿ ಪ್ರೊಸೆಸರ್ ಇರುವ ಸಾಧನವೇ ಬೇಕು. ಒಬ್ಬಿಬ್ಬರೇ ಇರುವ ಮನೆಗೆ, ಅಪ್‌ಲೋಡ್ ಹೆಚ್ಚು ಬಳಸದವರಿಗೆ ಈ ಉಸಾಬರಿ ಬೇಡ. ನಮ್ಮಲ್ಲಿ ಯಾರೂ ಈಗ ಸಭೆಯ ಮುಂಚೆ ‘ಎಲ್ಲರೂ ವೈಫೈ ಆಫ್ ಮಾಡಿ’ ಎಂದು ಕೂಗುವುದಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಹಿಡಿದುಕೊಂಡಿರುವುದು ಅಪ್‌ಡೇಟ್‌ ಆದಾಗ ಮಾಯವಾಗುವ ಪ್ಯಾಕೇಜ್‌ಗಳಿಗಾಗಿ.