ಸಂಘದ ಸಾಲವೋ, ಕಂಪನಿ ಸಾಲವೋ?

ಮೇ ಬಂತೆಂದರೆ ಹಾಸನದ ಕಡೆ ಬಿತ್ತನೆ ಆಲೂಗಡ್ಡೆಗೆ ದುಡ್ಡು ಬೇಕು. ಕೈಸಾಲ ಬಿಟ್ಟರೆ ಹಳ್ಳಿಯ ಹೆಂಗಸರ ಮುಂದೆ ಹೆಚ್ಚಾಗಿ ಇರುವುದು ಎರಡು ದಾರಿ. ಸ್ವಸಹಾಯ ಸಂಘ, ಇಲ್ಲವೇ ಮೈಕ್ರೋಫೈನಾನ್ಸ್ ಕಂಪನಿ.

ಸಂಘದಲ್ಲಿ 10ರಿಂದ 20 ಜನ. ಮೊದಲು ಉಳಿತಾಯ, ಆಮೇಲೆ ಸಾಲ. ಬ್ಯಾಂಕ್ ಸಾಲ ಬೇಕೆಂದರೆ ಸಂಘ ಆರು ತಿಂಗಳಾದರೂ ನಡೆದಿರಬೇಕು. ಅವಸರದವರಿಗೆ ಇದು ಆಗುವುದಿಲ್ಲ. ಆದರೆ ಒಳಸಾಲದ, ಅಂದರೆ ಸಂಘದ ಉಳಿತಾಯದಿಂದಲೇ ಸದಸ್ಯರಿಗೆ ಕೊಡುವ ಸಾಲದ, ಬಡ್ಡಿ ಸಂಘದ ಖಾತೆಗೇ ಬರುತ್ತದೆ, ಹೊರಗೆ ಹೋಗುವುದಿಲ್ಲ. ಕಂತು ಗೊತ್ತುಮಾಡುವವರೂ ಸದಸ್ಯರೇ. ಬೆಳೆ ಮಾರಿದ ಮೇಲೆ ಜಾಸ್ತಿ ಕಟ್ಟುತ್ತೇನೆ ಅಂತ ಕೇಳಿ ನೋಡಬಹುದು. ಲೆಕ್ಕದ ಪುಸ್ತಕ ಎಲ್ಲರ ಕಣ್ಣಿಗೂ ಬೀಳುತ್ತಿರಬೇಕು, ಅಷ್ಟೇ. ತೋರಿಸದಿದ್ದರೆ ಆ ಸಂಘ ಬೇಡ.

ಕಂಪನಿಯವರು ಬೇಗ ಕೊಡುತ್ತಾರೆ, ಅಡಮಾನ ಕೇಳುವುದಿಲ್ಲ. ಬಡ್ಡಿ ಮಾತ್ರ ದುಬಾರಿ. ಆಲೂಗಡ್ಡೆ ಕೀಳಲು ಸುಮಾರು ಮೂರು ತಿಂಗಳು ಬೇಕು, ವಾರದ ಕಂತು ಅಲ್ಲಿವರೆಗೆ ಕಾಯುತ್ತದಾ? ಡೇರಿಗೆ ಹಾಲು ಹಾಕುವ ಮನೆಗಾದರೆ ಬಟವಾಡೆ ಬರುತ್ತಿರುತ್ತದೆ, ಹಸು ಕೊಳ್ಳಲು ಈ ಸಾಲ ಹೊಂದಬಹುದು. ಆರ್‌ಬಿಐನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವೂ ಇಲ್ಲ. ಸಹಿ ಹಾಕುವ ಮುಂಚೆ ಇವೆರಡನ್ನೂ ಬಾಯಿಬಿಟ್ಟು ಕೇಳಿ.

ಬೀಜ, ಗೊಬ್ಬರಕ್ಕಾದರೆ ನನ್ನ ಓಟು ಸಂಘಕ್ಕೆ. ಪಹಣಿ ನಿಮ್ಮ ಹೆಸರಿನಲ್ಲಿದ್ದರೆ ಇವೆರಡಕ್ಕೂ ಮೊದಲು ಊರಿನ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಹೋಗಿ ಬನ್ನಿ. ಅಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲವಿದೆ, ಗಡುವಿನೊಳಗೆ ಕಟ್ಟಿದರೆ ಮಾತ್ರ.